ಮೊದಲು ವಾಲ್ಯೂಮ್ ಸರಿ ಮಾಡಿ, ಆಮೇಲೆ ಮಾರ್ಕ್ಸ್ ಕೊಡಿ

ಹೋದ ತಿಂಗಳು ಒಬ್ಬರು ಫೋನ್ ಮಾಡಿದರು. ದನಿಯಲ್ಲೇ ಬೇಸರ ಗೊತ್ತಾಗುತ್ತಿತ್ತು.

"ಸಾರ್, ನೀವು ಕೂರಿಸಿಕೊಟ್ಟ ಐದು ಸ್ಪೀಕರ್ ದಂಡ ಆಯ್ತು. ಕಾನ್ಸರ್ಟ್ ಡಿಸ್ಕ್‌ಗಳಲ್ಲಿ ಸ್ಟೀರಿಯೋ ಟ್ರ್ಯಾಕೇ ಚೆನ್ನಾಗಿದೆ. ಸರೌಂಡ್‌ಗೆ ಹಾಕಿದ ತಕ್ಷಣ ಹಾಡಿನ ಜೀವಾನೇ ಹೋಗುತ್ತೆ."

"ಟ್ರ್ಯಾಕ್ ಬದಲಾಯಿಸಿದಾಗ ವಾಲ್ಯೂಮ್ ಮುಟ್ಟಿದ್ರಾ?"

"ಛೆ ಛೆ, ಇಲ್ಲ ಸಾರ್. ಮುಟ್ಟಿದ್ರೆ ಹೋಲಿಕೆ ಕೆಡಲ್ವಾ?"

ಮನೆಗಳಲ್ಲಿ ಸ್ಪೀಕರ್ ಕೂರಿಸಿ, ಅಳತೆ ಮಾಡಿ ಹೊಂದಿಸಿಕೊಡುವುದು ನನ್ನ ಕೆಲಸ. ಈ ಉತ್ತರ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರೆಲ್ಲ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ, ವಾಲ್ಯೂಮ್ ಮುಟ್ಟದಿರುವುದು ದೊಡ್ಡ ಪ್ರಾಮಾಣಿಕತೆ ಅನ್ನುವ ಹಾಗೆ. ಆದರೆ ಮುಟ್ಟದೆ ಬಿಟ್ಟದ್ದರಿಂದಲೇ ಹೋಲಿಕೆ ಕೆಟ್ಟಿರುತ್ತದೆ.

ಸಂಗೀತ ಕಾರ್ಯಕ್ರಮದ ಡಿಸ್ಕ್‌ಗಳಲ್ಲಿ ಒಂದೇ ಹಾಡು ಎರಡು ಟ್ರ್ಯಾಕ್ ಆಗಿ ಇರುವುದುಂಟು: ಎಡ ಬಲ ಎರಡು ಸ್ಪೀಕರ್‌ಗೆ ಸ್ಟೀರಿಯೋ, ಸುತ್ತಲಿನ ಐದು ಸ್ಪೀಕರ್‌ಗೆ ಸರೌಂಡ್. ಒಂದೇ ಡಿಸ್ಕ್, ಒಂದೇ ಹಾಡು, ವಾಲ್ಯೂಮ್ ಗುಂಡಿಯೂ ಅದೇ ಜಾಗದಲ್ಲಿದೆ. ಹಾಗಂತ ಎರಡು ಟ್ರ್ಯಾಕ್‌ಗಳು ನಿಮ್ಮ ಕಿವಿಗೆ ಒಂದೇ ಮಟ್ಟದಲ್ಲಿ ಬರುವುದಿಲ್ಲ. ಬಂದರೆ ಅದು ಅದೃಷ್ಟ ಅಷ್ಟೇ.

ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರೌಂಡ್ ಟ್ರ್ಯಾಕ್ ಎಷ್ಟೋ ಸಲ ಡಾಲ್ಬಿ ಡಿಜಿಟಲ್ ಅನ್ನುವ ಬಗೆಯದು. ಆ ಟ್ರ್ಯಾಕ್‌ನಲ್ಲಿ ಧ್ವನಿಯ ಜೊತೆಗೆ ಒಂದು ಸಂಖ್ಯೆಯೂ ಕೂತಿರುತ್ತದೆ. ಅದರ ಪೂರ್ತಿ ಹೆಸರು ಡೈಲಾಗ್ ನಾರ್ಮಲೈಸೇಷನ್. ನಾವೆಲ್ಲ ಡಯಲ್‌ನಾರ್ಮ್ ಅಂತೀವಿ. ಮೈನಸ್ 1ರಿಂದ ಮೈನಸ್ 31ರವರೆಗೆ ಅದು ಎಷ್ಟು ಬೇಕಾದರೂ ಇರಬಹುದು. ಮೈನಸ್ 31 ಇದ್ದರೆ ರಿಸೀವರ್, ಅಂದರೆ ಪ್ಲೇಯರ್‌ನಿಂದ ಸದ್ದು ತೆಗೆದುಕೊಂಡು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ, ಏನೂ ಮಾಡುವುದಿಲ್ಲ. ಮೈನಸ್ 27 ಇದ್ದರೆ ಸದ್ದನ್ನು 4 ಡೆಸಿಬಲ್ (ಸದ್ದಿನ ಮಟ್ಟದ ಅಳತೆ, ಚಿಕ್ಕದಾಗಿ ಡಿಬಿ) ಇಳಿಸಿಬಿಡುತ್ತದೆ. ನಿಮ್ಮನ್ನು ಕೇಳುವುದಿಲ್ಲ, ಹೇಳುವುದೂ ಇಲ್ಲ. ಒಂದು ಸಿನಿಮಾದಿಂದ ಇನ್ನೊಂದಕ್ಕೆ ಹೋದಾಗ ಮಾತಿನ ಸದ್ದು ಏರುಪೇರಾಗದೆ ಇರಲಿ ಅನ್ನುವುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಕಾನ್ಸರ್ಟ್ ಡಿಸ್ಕ್‌ನಲ್ಲಿ ಮಾತು ಎಲ್ಲಿದೆ? ಟ್ರ್ಯಾಕ್ ತಯಾರಿಸುವ ಎನ್‌ಕೋಡರ್‌ನಲ್ಲಿ ಮೊದಲೇ ತುಂಬಿರುವ ಮೈನಸ್ 27 ಅನ್ನು ಯಾರೂ ಬದಲಿಸದೆ, ಅದು ಹಾಗೇ ಡಿಸ್ಕ್‌ಗೆ ಹೋಗುವುದುಂಟು.

ಪಕ್ಕದಲ್ಲಿರುವ ಸ್ಟೀರಿಯೋ ಟ್ರ್ಯಾಕ್ ಹೆಚ್ಚಾಗಿ ಪಿಸಿಎಂ, ಅಂದರೆ ಕುಗ್ಗಿಸದೆ ಇಟ್ಟ ಡಿಜಿಟಲ್ ಧ್ವನಿ, ಆಗಿರುತ್ತದೆ. ಅದರಲ್ಲಿ ಈ ಸಂಖ್ಯೆಯೇ ಇಲ್ಲ. ಅದನ್ನು ಯಾರೂ ಇಳಿಸುವುದಿಲ್ಲ. ಅಲ್ಲಿಗೆ ಹಾಡು ಶುರುವಾಗುವ ಮೊದಲೇ ಸ್ಟೀರಿಯೋಗೆ 4 ಡೆಸಿಬಲ್ ಲಾಭ. ಆಂಪ್ಲಿಫೈಯರ್ ಲೆಕ್ಕದಲ್ಲಿ ಅದು ಎರಡೂವರೆ ಪಟ್ಟು ಪವರ್. ಇದರ ಮೇಲೆ, ಸ್ಟೀರಿಯೋ ಮಿಕ್ಸ್ ಅನ್ನು ಸಿಡಿಯ ಹಾಗೆ ಒತ್ತಿ, ಹಿಂಡಿ, ಜೋರು ಮಾಡಿರುವ ಸಾಧ್ಯತೆ ಜಾಸ್ತಿ. ಸರೌಂಡ್ ಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಉಸಿರಾಡಲು ಜಾಗ ಬಿಟ್ಟಿರುತ್ತಾರೆ.

ಎಲ್ಲ ಡಿಸ್ಕ್‌ಗಳೂ ಹೀಗೇ ಅಂತ ನಾನು ಹೇಳುವುದಿಲ್ಲ. ಕೆಲವು ಡಿಸ್ಕ್‌ಗಳಲ್ಲಿ ಲೆಕ್ಕ ಉಲ್ಟಾ. ಐದು ಸ್ಪೀಕರ್, ಮೇಲೊಂದು ಸಬ್‌ವೂಫರ್ (ಬರೀ ಬೇಸ್‌ಗೆ ಅಂತ ಇರುವ ಸ್ಪೀಕರ್, 5.1 ಅನ್ನುವುದರಲ್ಲಿ ಆ .1) ಸೇರಿ ಸರೌಂಡೇ ಜೋರಾಗಿರುತ್ತದೆ. ಆಗ ಬರುವ ಫೋನ್ "ಸಾರ್, ಸ್ಟೀರಿಯೋ ಸಪ್ಪೆ" ಅನ್ನುತ್ತದೆ. ದೂರು ಬದಲಾಯಿತೇ ಹೊರತು ತಪ್ಪು ಅದೇ.

ಇನ್ನು ಕಿವಿಯ ವಿಷಯ. ಒಂದೇ ಹಾಡನ್ನು ಒಮ್ಮೆ ಸ್ವಲ್ಪ ಮೆಲ್ಲಗೆ, ಒಮ್ಮೆ ಸ್ವಲ್ಪ ಜೋರಾಗಿ ಹಾಕಿ ನೋಡಿ. ವ್ಯತ್ಯಾಸ ಒಂದೆರಡು ಡೆಸಿಬಲ್ ಇದ್ದರೆ ಕೇಳುವವರು "ಇದು ಜೋರಾಗಿದೆ" ಅನ್ನುವುದೇ ಇಲ್ಲ. "ಇದು ತುಂಬಿಕೊಂಡಿದೆ, ಇದು ಬಿಚ್ಚಿಕೊಂಡಿದೆ, ಇದರಲ್ಲಿ ಗಾಳಿ ಆಡುತ್ತೆ" ಅಂತಾರೆ. ಸುಳ್ಳಲ್ಲ, ಅವರಿಗೆ ಹಾಗೇ ಕೇಳಿಸುತ್ತದೆ. ಸದ್ದು ಕಮ್ಮಿಯಾದಂತೆ ನಮ್ಮ ಕಿವಿಗೆ ಬೇಸ್ ಬೇಗ ಕರಗಿಹೋಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಸಂಶೋಧಕರು ಇದನ್ನು 1933ರಲ್ಲೇ ಅಳೆದು ಗೆರೆ ಹಾಕಿ ತೋರಿಸಿದ್ದಾರೆ. ಜೋರಾಗಿರುವ ಟ್ರ್ಯಾಕ್‌ಗೆ ಪುಕ್ಕಟೆಯಾಗಿ ಬೇಸ್ ಸಿಗುತ್ತದೆ. ಆ ಪುಕ್ಕಟೆ ಬೇಸ್‌ಗೆ ನೀವು ಮಾರ್ಕ್ಸ್ ಕೊಡುತ್ತೀರಿ.

ಡಿವಿಡಿ ಕಾಲದಲ್ಲಿ, ಸರೌಂಡ್‌ನ ಎರಡು ಪೈಪೋಟಿ ಬಗೆಗಳನ್ನು ಹಿಡಿದು, "ಡಾಲ್ಬಿಗಿಂತ ಡಿಟಿಎಸ್ ಎಷ್ಟೋ ಮೇಲು" ಅನ್ನುವ ವಾದ ನಡೆಯುತ್ತಿತ್ತಲ್ಲ. ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್‌ಗೆ ಹೆಚ್ಚೆಂದರೆ ಸೆಕೆಂಡಿಗೆ 448 ಕಿಲೋಬಿಟ್, ಡಿಟಿಎಸ್‌ಗೆ 1,509ರವರೆಗೆ. ಅಂಕಿ ನೋಡಿದ ಮೇಲೆ ಕಿವಿ ಯಾರಿಗೆ ಬೇಕು? ಬಿಟ್‌ರೇಟ್‌ನಿಂದ ಏನೂ ಆಗಲ್ಲ ಅಂತ ನಾನು ಅನ್ನುತ್ತಿಲ್ಲ. ಆದರೆ ಅವತ್ತು ವಾದ ಮಾಡಿದವರಲ್ಲಿ ಎಷ್ಟು ಜನ ಮೊದಲು ಸದ್ದಿನ ಮಟ್ಟ ಸಮ ಮಾಡಿಕೊಂಡಿದ್ದರು ಅಂತ ಕೇಳಿದರೆ ಗುಂಪು ಚದುರಿಬಿಡುತ್ತಿತ್ತು.

ಫೋನ್ ಮಾಡಿದವರ ಮನೆಗೆ ಒಂದು ಭಾನುವಾರ ಹೋದೆ. ಅವರು ಒಂದು ನೋಟ್‌ಬುಕ್ ತಂದಿಟ್ಟರು. ನಲವತ್ತು ಡಿಸ್ಕ್, ಸ್ಕೇಲ್ ಇಟ್ಟು ಎಳೆದ ಗೆರೆ, ಸ್ಟೀರಿಯೋಗೊಂದು ಕಾಲಂ, ಸರೌಂಡ್‌ಗೊಂದು ಕಾಲಂ, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್. ಇಷ್ಟು ಶ್ರದ್ಧೆ ಇರುವವರನ್ನು ಕಂಡರೆ ನನಗೆ ಪ್ರೀತಿ. ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಮೊದಲ ಡಿಸ್ಕ್‌ಗೆ ಸ್ಟೀರಿಯೋ ಎಂಟೂವರೆ, ಸರೌಂಡ್ ಆರು.

ಅದೇ ಡಿಸ್ಕ್ ಹಾಕಿಸಿದೆ. ರಿಸೀವರ್‌ನ ವಾಲ್ಯೂಮ್ ಮೈನಸ್ 30 (ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಜೋರು). ಹಾಡಿನಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ನುಡಿಯುವ ಅರ್ಧ ನಿಮಿಷ ಹುಡುಕಿಕೊಂಡೆ. ಅವರು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಸದ್ದು ಅಳೆಯುವ ಮೀಟರ್ ಹಿಡಿದೆ. ಸ್ಟೀರಿಯೋ 79 ಡೆಸಿಬಲ್‌ನ ಆಸುಪಾಸಿನಲ್ಲಿ ಆಡುತ್ತಿತ್ತು. ಆಡಿಯೋ ಗುಂಡಿ ಒತ್ತಿ ಅದೇ ಅರ್ಧ ನಿಮಿಷವನ್ನು ಸರೌಂಡ್‌ನಲ್ಲಿ ಕೇಳಿದರೆ 74, 75. ಸರೌಂಡ್‌ಗೆ ವಾಲ್ಯೂಮ್ ಮೈನಸ್ 25.5ಕ್ಕೆ ಏರಿಸಿದೆ. ಎರಡೂ ಸಮ ಬಂದವು. "ಈಗ ಕೇಳಿ" ಅಂದೆ.

ಇಲ್ಲೊಂದು ಮಾತು. ಜನ ಈ ಕೆಲಸಕ್ಕೆ ರಿಸೀವರ್‌ನ ಟೆಸ್ಟ್ ಟೋನ್ ಹಾಕುತ್ತಾರೆ. ಆ "ಶ್ಶ್" ಸದ್ದು ಇರುವುದು ಸ್ಪೀಕರ್‌ಗಳನ್ನು ಒಂದಕ್ಕೊಂದು ಸಮ ಮಾಡಲು. ಡಿಸ್ಕ್‌ನ ಎರಡು ಟ್ರ್ಯಾಕ್ ಸಮ ಮಾಡಲು ಹಾಡನ್ನೇ ಅಳೆಯಬೇಕು. ಫೋನ್‌ನ ಆಪ್ ಆದರೂ ನಡೆಯುತ್ತದೆ, ಯಾಕೆಂದರೆ ನಮಗೆ ಬೇಕಾಗಿರುವುದು ವ್ಯತ್ಯಾಸ ಮಾತ್ರ. ಆದರೆ ಫೋನ್‌ನ ಮೈಕ್ ಕೆಳಗಿನ ಬೇಸ್ ಸರಿಯಾಗಿ ಹಿಡಿಯದೆ ಇರಬಹುದು. ಮೀಟರ್ ಇದ್ದರೂ ಸಬ್‌ವೂಫರ್ ಗುಡುಗುವ ಭಾಗ ಆರಿಸಿಕೊಂಡರೆ ಬೇಸ್ ಒಂದೇ ಮುಳ್ಳನ್ನು ಎಳೆದುಬಿಡುತ್ತದೆ. ಸದ್ದಿನ ಮಟ್ಟ ಅಳೆಯಲು ಸ್ಟುಡಿಯೋಗಳಲ್ಲಿ ಬಳಸುವ ಐಟಿಯು ಬಿಎಸ್.1770 ಅನ್ನುವ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಸಬ್‌ವೂಫರ್‌ನ ಆ .1 ಚಾನೆಲ್ ಅನ್ನು ಸೇರಿಸುವುದೇ ಇಲ್ಲ. ಪಕ್ಕದ, ಹಿಂದಿನ ಸ್ಪೀಕರ್‌ಗಳಿಗೆ ಮಾತ್ರ ಒಂದೂವರೆ ಡೆಸಿಬಲ್ ಜಾಸ್ತಿ ತೂಕ. ಮನೆಯಲ್ಲಿ ಅಷ್ಟು ಬೇಡ. ಮೀಟರ್‌ನಲ್ಲಿ ಹತ್ತಿರ ತನ್ನಿ, ಆಮೇಲೆ ಹಾಡುವವರ ದನಿಯನ್ನೇ ಹಿಡಿದು ಅರ್ಧ ಡೆಸಿಬಲ್ ಆಚೆ ಈಚೆ ಮಾಡಿ. ಕರಾರುವಾಕ್ಕು ಅಂತ ನಾನು ಬರೆದುಕೊಡಲಾರೆ. ಸುಮ್ನೆ ಒತ್ತಿ ನೋಡುವುದಕ್ಕಿಂತ ನೂರು ಪಾಲು ವಾಸಿ.

ಟ್ರ್ಯಾಕ್ ಬದಲಿಸುವ ಕೆಲಸ ಅವರ ಮಗಳಿಗೆ ಕೊಟ್ಟೆ. ರಿಸೀವರ್‌ನ ಡಿಸ್‌ಪ್ಲೇ ಮೇಲೆ ಒಂದು ರಟ್ಟು ಮುಚ್ಚಿದೆ. ಹುಡುಗಿ ಎರಡು ಸಲ ಬದಲಿಸಿ ನಕ್ಕುಬಿಟ್ಟಳು. "ಅಂಕಲ್, ಅಪ್ಪನಿಗೆ ಗೊತ್ತಾಗಿಬಿಡುತ್ತೆ. ಸರೌಂಡ್‌ಗೆ ಹೋಗುವಾಗ ರಿಸೀವರ್ ಎರಡು ಸಲ ಟಿಕ್ ಅನ್ನುತ್ತೆ." ಒಳಗಿನ ರಿಲೇ ಸದ್ದು. ನನಗೇ ಹೊಳೆದಿರಲಿಲ್ಲ! ಪ್ರತಿ ಸಲವೂ ಹಿಂದೆ ಮುಂದೆ ನಾಲ್ಕೈದು ಸಲ ಬದಲಿಸಿ, ಆಮೇಲೆ ಒಂದರಲ್ಲಿ ನಿಲ್ಲಿಸು ಅಂದೆ.

ಎಂಟು ಸುತ್ತು ಆಯಿತು. ಯಜಮಾನರ ಪೆನ್ನು ನಿಧಾನವಾಗುತ್ತಾ ಬಂತು. ಕೊನೆಗೆ ನೋಡಿದರೆ ಅವರು ಚೆನ್ನಾಗಿದೆ ಅಂತ ಬರೆದದ್ದು ಐದು ಸಲ ಸರೌಂಡ್, ಮೂರು ಸಲ ಸ್ಟೀರಿಯೋ. ಅವರು ಏನೂ ಮಾತಾಡಲಿಲ್ಲ. ಮಗಳು ಮಾತ್ರ, "ಅಪ್ಪ, ಇಷ್ಟು ದಿನ ನೀವು ಮಾರ್ಕ್ಸ್ ಕೊಟ್ಟಿದ್ದು ಜೋರಿಗಾ?" ಅಂದಳು. ಎಂಟು ಸುತ್ತಿನಲ್ಲಿ ಐದು ಮೂರು ಅಂದರೆ ನಾಣ್ಯ ಚಿಮ್ಮಿದರೂ ಬರುತ್ತದೆ. ಅದರಿಂದ ಸರೌಂಡ್ ಗೆದ್ದಿತು ಅನ್ನುವುದಕ್ಕಾಗಲ್ಲ. ಎಂಟೂವರೆ, ಆರು ಅನ್ನುವ ಅಂತರ ಎಲ್ಲಿ ಹೋಯಿತು ಅನ್ನುವುದೇ ಪ್ರಶ್ನೆ.

ಇದೊಂದೇ ಅಲ್ಲ, ಇನ್ನೂ ಕೆಲವು ಎಡವಟ್ಟುಗಳಿವೆ. ಬೇಗ ಮುಗಿಸುತ್ತೇನೆ. ಪ್ಲೇಯರ್‌ನ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟ್‌ಪುಟ್ ಎರಡು ಚಾನೆಲ್ ಪಿಸಿಎಂ ಅಂತ ಇದ್ದರೆ, ನೀವು 5.1 ಆರಿಸಿದರೂ ಪ್ಲೇಯರ್ ಅದನ್ನು ಎರಡಕ್ಕೆ ಮಡಚಿಯೇ ಕಳಿಸುತ್ತದೆ. ಹಾಗೆ ಮಡಚುವಾಗ .1 ಚಾನೆಲ್ ಸಾಮಾನ್ಯವಾಗಿ ಬಿದ್ದೇಹೋಗುತ್ತದೆ. "ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ ಸಾರ್" ಅನ್ನುವವರಲ್ಲಿ ಎಷ್ಟೋ ಮಂದಿ ಕೇಳಿರುವುದು ಸ್ಟೀರಿಯೋ ಮತ್ತು ಮಡಚಿದ ಸ್ಟೀರಿಯೋ. ರಿಸೀವರ್‌ನಲ್ಲಿ ಆಲ್ ಚಾನೆಲ್ ಸ್ಟೀರಿಯೋ (ಸ್ಟೀರಿಯೋವನ್ನೇ ಎಲ್ಲ ಸ್ಪೀಕರ್‌ಗೂ ಹಂಚುವ ಮೋಡ್) ಹಾಕಿಕೊಂಡು ಸರೌಂಡ್ ಕೇಳಿದೆ ಅನ್ನುವವರೂ ಇದ್ದಾರೆ. ಸ್ಟೀರಿಯೋವನ್ನು ಡೈರೆಕ್ಟ್ ಮೋಡ್‌ನಲ್ಲಿ, ಅಂದರೆ ರಿಸೀವರ್ ಆದಷ್ಟು ಕೈಹಾಕದೆ ಸದ್ದು ಕಳಿಸುವ ಹಾಗೆ, ಕೇಳುವವರದು ಇನ್ನೊಂದು ಕಥೆ. ಕೆಲವು ರಿಸೀವರ್‌ಗಳಲ್ಲಿ ಆ ಮೋಡ್ ಸಬ್‌ವೂಫರ್ ಅನ್ನೇ ಬಿಟ್ಟುಬಿಡುತ್ತದೆ. ಆಗ ನೀವು ಹೋಲಿಸಿದ್ದು ಸಬ್ ಇರುವುದನ್ನು ಮತ್ತು ಸಬ್ ಇಲ್ಲದ್ದನ್ನು.

ಮಟ್ಟ ಸಮ ಆದ ಮೇಲೆ ಉಳಿಯುವ ವ್ಯತ್ಯಾಸವೇ ನಿಜವಾದದ್ದು. ನನಗೆ ಇಷ್ಟವಾದದ್ದೂ ಅದೇ.

ಮೊದಲು ಹಾಡುವವರ ದನಿಯನ್ನು ಗಮನಿಸಿ. ಸ್ಟೀರಿಯೋದಲ್ಲಿ ನಡುವೆ ಸ್ಪೀಕರೇ ಇಲ್ಲ. ಎಡ ಬಲ ಎರಡರಲ್ಲೂ ಒಂದೇ ದನಿ ಬಂದು, ನಡುವೆ ಯಾರೋ ನಿಂತು ಹಾಡಿದ ಹಾಗೆ ಕಿವಿ ನಂಬುತ್ತದೆ. ನಟ್ಟನಡುವೆ ಕೂತರೆ ಅದರಷ್ಟು ಚಂದ ಇನ್ನೊಂದಿಲ್ಲ. ಸೋಫಾದ ತುದಿಗೆ ಸರಿದರೆ ಮಾತ್ರ ಹಾಡುಗಾರರು ಹತ್ತಿರದ ಸ್ಪೀಕರ್‌ಗೆ ಜಾರಿಬಿಡುತ್ತಾರೆ. 5.1ರಲ್ಲಿ ದನಿಯನ್ನು ನಡುವಿನ ಸ್ಪೀಕರ್‌ಗೆ ಕೊಟ್ಟಿದ್ದರೆ ಅವರು ಕದಲುವುದಿಲ್ಲ. ಮನೆಯಲ್ಲಿ ಯಾವಾಗಲೂ ತುದಿಯಲ್ಲಿ ಕೂರುವವರನ್ನು ಕೇಳಿದರೆ ಸರೌಂಡ್ ಅಂತಾರೆ, ನಡುವೆ ಕೂರುವ ಯಜಮಾನರು ಸ್ಟೀರಿಯೋ ಅಂತಾರೆ. ಇಬ್ಬರೂ ಸರಿ. ನಡುವಿನ ಸ್ಪೀಕರ್ ಬೇರೆ ಜಾತಿಯದಾಗಿದ್ದರೆ ದನಿಯ ಬಣ್ಣವೇ ಬದಲಾಗುತ್ತದೆ, ಆಗ ಮಿಕ್ಸ್‌ಗೆ ಬೈದು ಪ್ರಯೋಜನವಿಲ್ಲ. ಕೆಲವು ಮಿಕ್ಸ್‌ಗಳಲ್ಲಿ ನಡುವಿನ ಚಾನೆಲ್ ಹೆಚ್ಚುಕಮ್ಮಿ ಖಾಲಿ. ದನಿಯನ್ನು ಒಂಟಿಯಾಗಿ ಅಲ್ಲಿ ಬಿಟ್ಟರೆ ಯಾರು ಬೇಕಾದರೂ ಅದನ್ನೊಂದೇ ಕೇಳಿ ಸಣ್ಣಪುಟ್ಟ ಅಪಸ್ವರ ಹಿಡಿಯಬಹುದಲ್ಲ.

ಅಂದಹಾಗೆ, ಸ್ಟೀರಿಯೋ ಮೂಲದಲ್ಲೂ ಸಿನಿಮಾದ ನಂಟು ಇದೆ. ಬ್ಲಮ್‌ಲೈನ್ ಎನ್ನುವ ಇಂಗ್ಲಿಷ್ ಎಂಜಿನಿಯರ್ 1931ರಲ್ಲಿ ಅದರ ಪೇಟೆಂಟ್‌ಗೆ ಅರ್ಜಿ ಹಾಕಿದಾಗ, ಪರದೆಯ ಮೇಲಿನ ಚಿತ್ರ ಇರುವ ಕಡೆಯಿಂದಲೇ ಧ್ವನಿಯೂ ಬರಬೇಕು ಅನ್ನುವ ಯೋಚನೆಯೂ ಅದರಲ್ಲಿತ್ತು. ಹಾಗಾಗಿ "ಸ್ಟೀರಿಯೋ ಸಂಗೀತಕ್ಕೆ, ಸರೌಂಡ್ ಸಿನಿಮಾಗೆ" ಅಂತ ಯಾರಾದರೂ ಗೆರೆ ಎಳೆದರೆ ನಾನು ಒಪ್ಪುವುದಿಲ್ಲ.

ಇನ್ನು ಹಿಂದಿನ ಸ್ಪೀಕರ್‌ಗಳು. ಕಾನ್ಸರ್ಟ್ ಡಿಸ್ಕ್‌ನಲ್ಲಿ ಅಲ್ಲಿ ಸಾಮಾನ್ಯವಾಗಿ ಇರುವುದು ಸಭಾಂಗಣದ ಮಾರ್ದನಿ ಮತ್ತು ಜನರ ಚಪ್ಪಾಳೆ. ಹಾಡು ನಡೆಯುವಾಗ ಅವು ಕೇಳಿಸಬಾರದು, ಆಫ್ ಮಾಡಿದರೆ ಮಾತ್ರ ಏನೋ ಹೋಯಿತು ಅನ್ನಿಸಬೇಕು. ಎಷ್ಟೋ ಮನೆಗಳಲ್ಲಿ "ಹಿಂದಿನದು ಕೇಳಿಸ್ತಾನೇ ಇಲ್ಲ" ಅಂತ ಅದನ್ನು ಐದಾರು ಡೆಸಿಬಲ್ ಏರಿಸಿಟ್ಟಿರುತ್ತಾರೆ. ಆಮೇಲೆ "ಚಪ್ಪಾಳೆ ತಲೆ ಮೇಲೆ ಬೀಳುತ್ತೆ" ಅಂತ ದೂರು. ದೂರದ ಅಳತೆಯೂ ಸರಿಯಾಗಿ ತುಂಬಿರಬೇಕು. ಧ್ವನಿಗೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮೊದಲು ಬಂದ ಸದ್ದಿನ ಕಡೆಗೇ ಕಿವಿ ತಿರುಗುತ್ತದೆ. ಹಿಂದಿನ ಸ್ಪೀಕರ್ ಕಿವಿಯ ಪಕ್ಕದಲ್ಲೇ ಇದ್ದು, ಅದರ ದೂರ ರಿಸೀವರ್‌ಗೆ ಗೊತ್ತಿಲ್ಲದಿದ್ದರೆ, ವೇದಿಕೆಯೇ ಹಿಂದಕ್ಕೆ ವಾಲುತ್ತದೆ.

ನನ್ನ ಆಯ್ಕೆ ಏನು ಅಂತ ಕೇಳುವವರಿದ್ದಾರೆ. ಸರೌಂಡ್‌ಗೆ ಅಂತಲೇ ಬೇರೆ ಮೈಕ್ ಇಟ್ಟು ರೆಕಾರ್ಡ್ ಮಾಡಿದ ಕಾನ್ಸರ್ಟ್ ಆದರೆ ನಾನು 5.1 ಬಿಡುವುದಿಲ್ಲ. ಹಳೆಯ ಚಿತ್ರಕ್ಕೆ ಆಮೇಲೆ ಸರೌಂಡ್ ಹೊಲಿದಿದ್ದರೆ, ಡಿಸ್ಕ್‌ನಲ್ಲಿ ಮೂಲ ಟ್ರ್ಯಾಕ್ ಉಳಿಸಿದ್ದಾರಾ ಅಂತ ಮೊದಲು ಹುಡುಕುತ್ತೇನೆ. ಇದು ನನ್ನ ರುಚಿ. ನಿಮ್ಮದು ಬೇರೆ ಇರಲಿ, ತಕರಾರಿಲ್ಲ.

ಆ ಭಾನುವಾರ ಹೊರಡುವ ಹೊತ್ತಿಗೆ ಯಜಮಾನರು ನೋಟ್‌ಬುಕ್‌ನ ಹೊಸ ಪುಟ ತೆಗೆದು ಗೆರೆ ಎಳೆಯುತ್ತಿದ್ದರು. ಈ ಸಲ ಮೂರು ಕಾಲಂ. ಮೂರನೆಯದರ ತಲೆಯ ಮೇಲೆ "ಎಷ್ಟು ಡಿಬಿ ಏರಿಸಿದ್ದು" ಅಂತ ಬರೆದರು. ನಲವತ್ತೂ ಡಿಸ್ಕ್ ಮತ್ತೆ ಮೊದಲಿಂದ. ಮಗಳು ರಟ್ಟನ್ನು ಸರಿಯಾಗಿ ಕತ್ತರಿಸಿ ಡಿಸ್‌ಪ್ಲೇಗೆ ಟೇಪ್ ಹಾಕುತ್ತಿದ್ದಳು. ಮೊನ್ನೆ ಮತ್ತೆ ಫೋನ್ ಬಂತು. ಹನ್ನೊಂದನೇ ಡಿಸ್ಕ್‌ನಲ್ಲಿ ಮಟ್ಟ ಸಮ ಮಾಡಿದ ಮೇಲೆ ಯಾವುದು ಯಾವುದು ಅಂತ ಅಪ್ಪ, ಮಗಳು ಇಬ್ಬರಿಗೂ ಗೊತ್ತಾಗುತ್ತಿಲ್ಲವಂತೆ. ಪ್ಲೇಯರ್‌ನ ಔಟ್‌ಪುಟ್ ಸೆಟ್ಟಿಂಗ್ ನೋಡಿ ಅಂದೆ. ಲೈನ್‌ನಲ್ಲೇ ಇರಿ ಅಂತ ಹೋದರು. ಸ್ವಲ್ಪ ಹೊತ್ತಿಗೆ ದೂರದಿಂದ ಮಗಳ ದನಿ ಕೇಳಿಸಿತು: "ಅಪ್ಪ, ನಾನೇ ನಿನ್ನೆ ಬದಲಾಯಿಸಿದ್ದೆ."