ಸೇಡಿನ ದುರಂತನಾಟಕ: ಹ್ಯಾಮ್ಲೆಟ್ ಮತ್ತು ಸಿಂಬಾ

ಆಪ್ತರ ಕೊಲೆಗೆ ಪ್ರತೀಕಾರ ತೀರಿಸಲು ಹೊರಟವನು ಕೊನೆಗೆ ತಾನೂ ಕೊಲೆಗಾರನಾಗಿ ಸಾಯುವ ನಾಟಕಕ್ಕೆ ಸೇಡಿನ ದುರಂತನಾಟಕ ಎನ್ನುತ್ತಾರೆ. ಇದರ ಬೇರು ರೋಮಿನ ಸೆನೆಕನ ನಾಟಕಗಳಲ್ಲಿದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಗಟ್ಟಿ ರೂಪ ಕೊಟ್ಟವನು ಥಾಮಸ್ ಕಿಡ್. 1592ರ ಹೊತ್ತಿಗಾಗಲೇ ಲಂಡನ್ನಿನಲ್ಲಿ ಆಡುತ್ತಿದ್ದ ಅವನ 'ಸ್ಪ್ಯಾನಿಷ್ ಟ್ರ್ಯಾಜೆಡಿ'ಯಲ್ಲಿ ಪ್ರೇತ, ಹುಚ್ಚು, ನಾಟಕದೊಳಗೊಂದು ನಾಟಕ, ಕೊನೆಯಲ್ಲಿ ಹೆಣಗಳ ರಾಶಿ ಎಲ್ಲವೂ ಇವೆ. ಅದರ ನಾಯಕ ಹಿರೋನಿಮೊ ಸ್ವತಃ ನ್ಯಾಯಾಧಿಕಾರಿ. ಊರಿನವರ ವ್ಯಾಜ್ಯ ತೀರ್ಮಾನಿಸುವ ಅವನಿಗೆ ತನ್ನ ಮಗನ ಕೊಲೆಗೆ ಮಾತ್ರ ನ್ಯಾಯ ಸಿಗುವುದಿಲ್ಲ, ಏಕೆಂದರೆ ಕೊಂದವರು ಅರಮನೆಯ ಬಳಗದವರು. ದೂರು ಕೊಡಬೇಕಾದ ಬಾಗಿಲಿನ ಹಿಂದೆಯೇ ಅಪರಾಧಿ ಕುಳಿತಿದ್ದಾಗ ಏನು ಮಾಡಬೇಕು? ಈ ಪ್ರಕಾರದ ನಿಜವಾದ ಪ್ರಶ್ನೆ ಇದು. ರಕ್ತಪಾತ ಅದರ ಹೊರಮೈ ಮಾತ್ರ. ಇಂಗ್ಲಿಷ್ ಚಿಂತಕ ಫ್ರಾನ್ಸಿಸ್ ಬೇಕನ್ ಸೇಡನ್ನು ಒಂದು ಬಗೆಯ ಕಾಡು ನ್ಯಾಯ ಎಂದು ಕರೆದದ್ದು ಇದೇ ಕಾಲದಲ್ಲಿ.

1600ರ ಸುಮಾರಿಗೆ ಷೇಕ್ಸ್‌ಪಿಯರ್ ಬರೆದ 'ಹ್ಯಾಮ್ಲೆಟ್' ಈ ಪ್ರಕಾರದ ಶಿಖರ. ಅದನ್ನು ನಮ್ಮ ಕಾಲದ ಮಕ್ಕಳಿಗೆ ತಲುಪಿಸಿದ್ದು 1994ರ ಡಿಸ್ನಿ ಆನಿಮೇಷನ್ ಚಿತ್ರ 'ದಿ ಲಯನ್ ಕಿಂಗ್' ಎಂಬ ಮಾತು ಆಗಾಗ ಕೇಳಿಬರುತ್ತದೆ. ಹೋಲಿಕೆ ಸುಳ್ಳಲ್ಲ. ಅಣ್ಣನನ್ನು ಕೊಂದು ಗದ್ದುಗೆ ಏರಿದ ಚಿಕ್ಕಪ್ಪ (ನಾಟಕದಲ್ಲಿ ಕ್ಲಾಡಿಯಸ್, ಚಿತ್ರದಲ್ಲಿ ಸ್ಕಾರ್), ದೂರವಾದ ರಾಜಕುಮಾರ (ಅಲ್ಲಿ ಹ್ಯಾಮ್ಲೆಟ್, ಇಲ್ಲಿ ಸಿಂಹದ ಮರಿ ಸಿಂಬಾ), ಸತ್ತ ತಂದೆಯ ದರ್ಶನ ಎರಡರಲ್ಲೂ ಇವೆ. ಆದರೆ ಸಂಸಾರದ ನಕ್ಷೆ ಒಂದೇ ಎಂದಮಾತ್ರಕ್ಕೆ ಕಥೆಯ ಜಾತಿಯೂ ಒಂದೇ ಆಗುವುದಿಲ್ಲ.

ತಂದೆಯರು ಮಕ್ಕಳಿಗೆ ಹೇಳುವುದನ್ನೇ ನೋಡಿ. ಡೆನ್ಮಾರ್ಕಿನ ಎಲ್ಸಿನೋರಿನ ಕೋಟೆಯ ಮೇಲೆ ಕಾಣಿಸಿಕೊಂಡ ಪ್ರೇತ ತನ್ನನ್ನು ಕೊಂದವನು ಯಾರೆಂದು ತಿಳಿಸಿ, ಸೇಡು ತೀರಿಸೆಂದು ಮಗನಿಗೆ ಆಜ್ಞಾಪಿಸುತ್ತದೆ. ಮೋಡಗಳ ನಡುವೆ ಮೂಡುವ ಸಿಂಬಾನ ತಂದೆ ಮುಫಾಸ ಕೊಲೆಯ ಸುದ್ದಿಯನ್ನೇ ಎತ್ತುವುದಿಲ್ಲ. ನೀನು ಯಾರೆಂಬುದನ್ನು ನೆನಪಿಟ್ಟುಕೋ ಎನ್ನುತ್ತಾನೆ. ಹ್ಯಾಮ್ಲೆಟ್‌ಗೆ ಮೊದಲ ಅಂಕದಲ್ಲೇ ಕೊಲೆಗಾರನ ಹೆಸರು ಸಿಗುತ್ತದೆ, ಮಿಕ್ಕ ನಾಟಕವೆಲ್ಲ ಅದನ್ನು ನಂಬುವ, ಪರೀಕ್ಷಿಸುವ, ಮುಂದೂಡುವ ಸಂಕಟ. ಸಿಂಬಾನಿಗೆ ಸತ್ಯ ತಿಳಿಯುವುದು ಕಡೆಯ ಕಾಳಗದಲ್ಲಿ. ಅಲ್ಲಿಯತನಕ ತಂದೆಯ ಸಾವಿಗೆ ತಾನೇ ಕಾರಣವೆಂದು ನಂಬಿ ಅವನು ಅಡಗಿ ಬದುಕುತ್ತಾನೆ. ಅವನನ್ನು ಕಾಡುವುದು ಸೇಡಲ್ಲ, ಅಪರಾಧಿ ಭಾವ.

ಇದಕ್ಕಿಂತ ಮುಖ್ಯವಾದದ್ದು ರಾಜನ ಮಂತ್ರಿ ಪೊಲೋನಿಯಸ್‌ನ ಸಾವು. ಪರದೆಯ ಹಿಂದೆ ಅಡಗಿದವನು ರಾಜನಿರಬೇಕೆಂದು ಭಾವಿಸಿ ಹ್ಯಾಮ್ಲೆಟ್ ಕತ್ತಿಯಿಂದ ಇರಿಯುತ್ತಾನೆ. ಸತ್ತವನು ಹ್ಯಾಮ್ಲೆಟ್ ಪ್ರೀತಿಸಿದ ಒಫೀಲಿಯಾಳ ತಂದೆ. ಆ ಕ್ಷಣದಿಂದ ಸತ್ತವನ ಮಗ ಲಾರ್ಟೀಸ್‌ಗೂ ಸೇಡು ತೀರಿಸುವ ಹಕ್ಕು ಹುಟ್ಟುತ್ತದೆ, ಹ್ಯಾಮ್ಲೆಟ್ ಅವನ ಪಾಲಿನ ಕ್ಲಾಡಿಯಸ್ ಆಗುತ್ತಾನೆ. ಒಫೀಲಿಯಾ ಹುಚ್ಚಿಯಾಗಿ ನೀರುಪಾಲಾಗುತ್ತಾಳೆ. ಕೊನೆಯ ಪರದೆ ಬೀಳುವಾಗ ಎಂಟು ಜನ ಸತ್ತಿರುತ್ತಾರೆ, ಡೆನ್ಮಾರ್ಕಿನ ಕಿರೀಟ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ನ ಪಾಲಾಗುತ್ತದೆ. ಸೇಡು ಗುರಿಗಷ್ಟೇ ತಗುಲಿ ನಿಲ್ಲುವುದಿಲ್ಲ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ನಾಟಕ ನನಗೆ ಬೇರೊಂದು ಗೊತ್ತಿಲ್ಲ.

ಚಿತ್ರದಲ್ಲಿ ಪೊಲೋನಿಯಸ್‌ನ ಸ್ಥಾನ ಖಾಲಿ, ಹಾಗಾಗಿ ಲಾರ್ಟೀಸ್‌ಗೂ ಎಡೆಯಿಲ್ಲ. ಸಿಂಬಾನ ಪಂಜಕ್ಕೆ ತಪ್ಪಿಯೂ ನಿರಪರಾಧಿಯ ರಕ್ತ ಅಂಟುವುದಿಲ್ಲ. ಸ್ಕಾರ್‌ನನ್ನು ಕೂಡ ಅವನು ಕೊಲ್ಲುವುದಿಲ್ಲ. ಎಂದೂ ಮರಳಿ ಬರಬೇಡ ಎಂದು ಗಡೀಪಾರು ಮಾಡುತ್ತಾನೆ. ಮೋಸದಿಂದ ಮತ್ತೆ ಮೇಲೆರಗಿದ ಸ್ಕಾರ್ ಬಂಡೆಯಿಂದ ಕೆಳಗೆ ಬೀಳುತ್ತಾನೆ, ಅವನೇ ವಂಚಿಸಿದ ಕತ್ತೆಕಿರುಬಗಳು ಅವನನ್ನು ಮುಗಿಸುತ್ತವೆ. ಕಥೆ ಬಹಳ ಜಾಣತನದಿಂದ ನಾಯಕನ ಕೈಯಿಂದ ಕತ್ತಿಯನ್ನು ಕಸಿದುಕೊಂಡಿದೆ. ಪ್ರೇಕ್ಷಕನಿಗೆ ಸೇಡಿನ ತೃಪ್ತಿ ಸಿಗುತ್ತದೆ, ನಾಯಕನಿಗೆ ಅದರ ಪಾಪ ತಗಲುವುದಿಲ್ಲ. ಮಕ್ಕಳ ಚಿತ್ರವಾಗಿ ಅದು ಸರಿಯಾದ ಆಯ್ಕೆಯೇ, ಮಳೆ ಸುರಿದು ನೆಲ ಹಸಿರಾಗುವ ದೃಶ್ಯ ಈಗಲೂ ಮನಸ್ಸಿಗೆ ತಟ್ಟುತ್ತದೆ. ಆದರೆ ಸೇಡಿನ ದುರಂತನಾಟಕವಾಗಲು ಬೇಕಾದ ಒಂದೇ ಒಂದು ಅಂಶ, ಸೇಡು ತೀರಿಸುವವನ ಅಧಃಪತನ, ಅಲ್ಲಿಲ್ಲ. ಅದನ್ನು ರಾಜಕುಮಾರ ರಾಜ್ಯಕ್ಕೆ ಮರಳುವ ಕಥೆ ಎನ್ನುವುದೇ ಸರಿ.

ಇಂಥ ಸುಖಾಂತ್ಯ ಈ ಕಥೆಗೆ ತೀರ ಹೊರಗಿನದೂ ಅಲ್ಲ. ಷೇಕ್ಸ್‌ಪಿಯರ್‌ಗಿಂತ ಸುಮಾರು ನಾಲ್ಕು ಶತಮಾನ ಮೊದಲು ಡೆನ್ಮಾರ್ಕಿನ ಸ್ಯಾಕ್ಸೊ ಗ್ರಮಾಟಿಕಸ್ ಲ್ಯಾಟಿನ್ನಿನಲ್ಲಿ ಬರೆದಿಟ್ಟ ಆಮ್ಲೆತ್‌ನ ಕಥೆಯಲ್ಲಿ, ಹುಚ್ಚನಂತೆ ನಟಿಸಿದ ರಾಜಕುಮಾರ ಕುಡಿದು ಮಲಗಿದ್ದ ಆಸ್ಥಾನಿಕರನ್ನು ಸಭಾಂಗಣದ ಸಮೇತ ಸುಟ್ಟು, ಚಿಕ್ಕಪ್ಪನನ್ನು ಕತ್ತಿಯಿಂದ ಕೊಂದು, ಜನರ ಮುಂದೆ ತನ್ನ ಕೃತ್ಯವನ್ನು ಸಮರ್ಥಿಸಿಕೊಂಡು ರಾಜನಾಗುತ್ತಾನೆ. ಅವನಿಗೆ ಪಶ್ಚಾತ್ತಾಪವೂ ಇಲ್ಲ, ತಡವರಿಕೆಯೂ ಇಲ್ಲ. ಆ ವಿಜಯಗಾಥೆಗೆ ಸಂಶಯವನ್ನೂ ಸಾವನ್ನೂ ಬೆರೆಸಿ ದುರಂತವಾಗಿಸಿದ್ದು ಇಂಗ್ಲೆಂಡಿನ ರಂಗಭೂಮಿ.

ಕನ್ನಡಕ್ಕೂ ಈ ಕಥೆ ಬಂದಿದೆ: ಕುವೆಂಪು ಅದನ್ನು ಬಿದನೂರಿನ ಅರಸುಮನೆತನದೊಳಗೆ ನೆಲೆಗೊಳಿಸಿ 'ರಕ್ತಾಕ್ಷಿ' ಬರೆದರು. ಸಿಂಬಾನನ್ನು ನೋಡಿ ಬೆಳೆದವರು ಹ್ಯಾಮ್ಲೆಟ್ ಓದುವ ಮುನ್ನ ಅದನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ.