ಗೇಜು ಅರ್ಧ ಇಂಚು ಸರಿದರೆ: ಡಾರ್ಕ್ ಎನರ್ಜಿ ಪರೀಕ್ಷೆಯ ಹಿನ್ನೆಲೆ

ಮುಂಗಾರು ಹಿಡಿಯಿತೆಂದರೆ ಮಂಡ್ಯದಲ್ಲಿ ಪೇಪರ್ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಕೆಆರ್‌ಎಸ್ ಮಟ್ಟಕ್ಕೆ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು. ಒಳಹರಿವಿನ ಸಾಲು ಅಚ್ಚಾಗಲೇ ಇಲ್ಲ ಅಂದುಕೊಳ್ಳಿ. ನಿನ್ನೆಯ ಮಟ್ಟವನ್ನು ಇವತ್ತಿನದರಿಂದ ಕಳೆದು ನೀರು ಎಷ್ಟು ಬಂತೆಂದು ಅಂದಾಜು ಮಾಡಬಹುದು. ಆದರೆ ಒಳಹರಿವು ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನಲು ಆ ವ್ಯತ್ಯಾಸಗಳ ವ್ಯತ್ಯಾಸ ತೆಗೆಯಬೇಕು. ಅಷ್ಟರಲ್ಲಿ ಗೇಜು ಓದಿದವನ ಅರ್ಧ ಇಂಚಿನ ತಪ್ಪು ಲೆಕ್ಕವನ್ನೆಲ್ಲ ನುಂಗಿರುತ್ತದೆ.

ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುತ್ತಿದೆ ಎನ್ನಲಾಗುವ ಡಾರ್ಕ್ ಎನರ್ಜಿಯ ಪಾಡೂ ಇದೇ. ಸೂಪರ್‌ನೋವಾ (ಸಿಡಿದ ನಕ್ಷತ್ರ) ಎಷ್ಟು ಮಸುಕಾಗಿದೆ ಎಂಬುದರಿಂದ ಸಿಗುವುದು ಬರೀ ದೂರ. ಒಮ್ಮೆ ವ್ಯತ್ಯಾಸ ತೆಗೆದರೆ ವಿಶ್ವ ಹಿಗ್ಗುವ ದರ, ಇನ್ನೊಮ್ಮೆ ತೆಗೆದರೆ ಡಬ್ಲ್ಯು, ಅಂದರೆ ಒತ್ತಡಕ್ಕೂ ಶಕ್ತಿ ಸಾಂದ್ರತೆಗೂ ಇರುವ ಅನುಪಾತ. ಐನ್‌ಸ್ಟೈನ್ 1917ರಲ್ಲಿ ತಮ್ಮ ಗುರುತ್ವ ಸಮೀಕರಣಕ್ಕೆ ಸೇರಿಸಿದ ಸ್ಥಿರಾಂಕವೇ ಡಾರ್ಕ್ ಎನರ್ಜಿ ಆಗಿದ್ದರೆ ಇದು ಸದಾ -1. ಡಬ್ಲ್ಯು ಕಾಲದೊಂದಿಗೆ ಬದಲಾಗಿದೆಯೇ ಎಂದು ಕೇಳಿದರೆ ಮೂರನೇ ವ್ಯತ್ಯಾಸ.

1998ರಲ್ಲಿ ಕೆಲಸ ಇಷ್ಟು ಸೂಕ್ಷ್ಮವಾಗಿರಲಿಲ್ಲ. ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ 10-15% ಆಚೆಗಿದ್ದವು, ಅಂದರೆ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ. ಆ ಶೋಧಕ್ಕೆ ಪರ್ಲ್‌ಮಟರ್, ಶ್ಮಿಟ್, ರೀಸ್ ಅವರಿಗೆ 2011ರ ನೊಬೆಲ್ ಬಂತು. 2005ರಲ್ಲಿ ಗೆಲಾಕ್ಸಿಗಳ ಹಂಚಿಕೆಯಲ್ಲೇ ಸುಮಾರು 49 ಕೋಟಿ ಜ್ಯೋತಿರ್ವರ್ಷ ಉದ್ದದ ಅಳತೆಗೋಲು ಸಿಕ್ಕಿತು: ಅಷ್ಟು ಅಂತರದಲ್ಲಿರುವ ಗೆಲಾಕ್ಸಿ ಜೋಡಿಗಳು ತುಸು ಹೆಚ್ಚು. ವಿಶ್ವದ ಆದಿಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕವೂ -1ಕ್ಕೇ ಹೊಂದಿತು. ನಿಜ ಹೇಳಬೇಕೆಂದರೆ, ವಿಷಯ ಸ್ವಲ್ಪ ಸಪ್ಪೆಯಾಗಿತ್ತು.

ಅರಿಜೋನಾದ 4 ಮೀಟರ್ ದೂರದರ್ಶಕಕ್ಕೆ 5,000 ರೋಬೋ-ಫೈಬರ್ ಜೋಡಿಸಿ ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ ಸಮೀಕ್ಷೆ ಇದನ್ನು ಕಲಕಿತು. 1.4 ಕೋಟಿಗೂ ಹೆಚ್ಚು ಗೆಲಾಕ್ಸಿ, ಕ್ವೇಸಾರ್‌ಗಳನ್ನಿಟ್ಟುಕೊಂಡು 2025ರ ಮಾರ್ಚ್‌ನಲ್ಲಿ ಅದು ಹೇಳಿದ್ದು: ಬದಲಾಗುವ ಡಬ್ಲ್ಯುಗೆ ಒಲವು 2.8ರಿಂದ 4.2 ಸಿಗ್ಮಾ (ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ). ಈ ಅಂತರವೇ ಕುತೂಹಲದ್ದು. ಡೆಸಿ, ಪ್ಲಾಂಕ್ ದತ್ತಾಂಶ ಅದೇ. ಬದಲಾದದ್ದು ಜೊತೆಗಿಟ್ಟ ಸೂಪರ್‌ನೋವಾ ಪಟ್ಟಿ ಮಾತ್ರ. ಪ್ಯಾಂಥಿಯನ್ ಪ್ಲಸ್ ಇಟ್ಟರೆ 2.8, ಯೂನಿಯನ್-3 ಇಟ್ಟರೆ 3.8, ಡಾರ್ಕ್ ಎನರ್ಜಿ ಸರ್ವೇಯ ಐದು ವರ್ಷದ ಪಟ್ಟಿ ಇಟ್ಟರೆ 4.2. ಮೂರನ್ನೂ ಒಟ್ಟು ಹಾಕಿ ನೋಡಬಹುದಲ್ಲ ಎಂದರೆ ಆಗದು. ಹತ್ತಿರದ ಎಷ್ಟೋ ಸೂಪರ್‌ನೋವಾಗಳು ಮೂರರಲ್ಲೂ ಇವೆ. ಒಂದನ್ನೇ ಮೂರು ಸಲ ಎಣಿಸಿದಂತಾಗುತ್ತದೆ.

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಇದನ್ನು ಎತ್ತಿಕೊಳ್ಳುವವರಿಗೆ ದೂರದರ್ಶಕ ಬೇಡ, ಲ್ಯಾಪ್‌ಟಾಪ್ ಸಾಕು. ಪ್ಯಾಂಥಿಯನ್ ಪ್ಲಸ್ ದತ್ತಾಂಶ ಮುಕ್ತವಾಗಿದೆ: 1,701 ಬೆಳಕಿನ ರೇಖೆಗಳು (ಸೂಪರ್‌ನೋವಾದ ಬೆಳಕು ಏರಿ ಇಳಿದ ದಾಖಲೆ), ಜೊತೆಗೆ ಅವುಗಳ ದೋಷಗಳನ್ನೂ ದೋಷಗಳ ನಡುವಿನ ನಂಟನ್ನೂ ಹೇಳುವ 1,701 × 1,701ರ ಕೋವೇರಿಯನ್ಸ್ ಮ್ಯಾಟ್ರಿಕ್ಸ್. ಎಡವುವುದು ಸಣ್ಣ ಕಡೆಗಳಲ್ಲಿ. ಮ್ಯಾಟ್ರಿಕ್ಸಿನ ಕರ್ಣವನ್ನಷ್ಟೇ ತೆಗೆದುಕೊಂಡರೆ ದೋಷಗಳ ನಂಟು ಬಿಟ್ಟುಹೋಗಿ ಉತ್ತರ ಸುಳ್ಳೇ ಖಚಿತವಾಗಿ ಕಾಣುತ್ತದೆ. ಕೆಂಪು ಪಲ್ಲಟ (ಹಿಗ್ಗುವಿಕೆಯಿಂದ ಬೆಳಕು ಕೆಂಪಿನತ್ತ ಸರಿದ ಪ್ರಮಾಣ) 0.01ಕ್ಕಿಂತ ಕಡಿಮೆ ಇರುವವನ್ನು ಕೈಬಿಡಬೇಕು: ಅಲ್ಲಿ ಹಿಗ್ಗುವಿಕೆಯ ವೇಗವೇ ಸೆಕೆಂಡಿಗೆ 3,000 ಕಿ.ಮೀ., ಗೆಲಾಕ್ಸಿಯ ಸ್ವಂತ ಓಡಾಟ 300 ಇದ್ದರೂ 10% ತಪ್ಪು. ಕಡತದಲ್ಲಿ ದೂರ ಸಿದ್ಧವಾಗಿಯೇ ಇರುವ ಕಾಲಂ ಒಂದಿದೆ; ಅದನ್ನು ಹಾಗೇ ಎತ್ತಿಕೊಂಡರೆ ಹಬಲ್ ಸ್ಥಿರಾಂಕವನ್ನು, ಅಂದರೆ ಈಗಿನ ಹಿಗ್ಗುವಿಕೆಯ ದರವನ್ನು, ಗೊತ್ತಿಲ್ಲದೆ ಒಳಗೆ ಬಿಟ್ಟುಕೊಂಡಂತೆ. ಮ್ಯಾಗ್ನಿಟ್ಯೂಡ್ (ಕಾಣುವ ಹೊಳಪಿನ ಅಳತೆ) ಕಾಲಂನಿಂದಲೇ ಶುರು ಮಾಡಿ, ಸೂಪರ್‌ನೋವಾದ ನೈಜ ಪ್ರಖರತೆಯನ್ನು ಅಜ್ಞಾತವಾಗಿಯೇ ಬಿಡಬೇಕು. ಡಬ್ಲ್ಯುವಿನ ಈಗಿನ ಬೆಲೆ, ಅದು ಬದಲಾಗುವ ದರ ಎಂಬ ಎರಡು ಹೊಸ ಅಜ್ಞಾತಗಳು ಸೇರಿದಾಗ ಕೈ-ವರ್ಗ (chi-square, ಲೆಕ್ಕಕ್ಕೂ ದತ್ತಾಂಶಕ್ಕೂ ಇರುವ ಅಂತರದ ಅಳತೆ) 6 ಇಳಿದರೆ ಕುಣಿಯಬೇಕಿಲ್ಲ, ಅದು ಬರೀ 2 ಸಿಗ್ಮಾ. 3 ಸಿಗ್ಮಾಗೆ 11.8 ಇಳಿಯಬೇಕು.

ಡಬ್ಲ್ಯುವನ್ನು ಸರಳರೇಖೆ ಎಂದು ಹಿಡಿಯುವ ಸೂತ್ರದಲ್ಲೂ ಒಂದು ಚಮತ್ಕಾರವಿದೆ. ಡೆಸಿ ಉತ್ತರದಲ್ಲಿ ಈಗಿನ ಬೆಲೆ ಸುಮಾರು -0.75, ರೇಖೆಯನ್ನು ಹಿಂದಕ್ಕೆ ಎಳೆದರೆ ಕೆಂಪು ಪಲ್ಲಟ 0.4ರ ಆಸುಪಾಸಿನಲ್ಲಿ -1ನ್ನು ದಾಟಿ ಕೆಳಗಿಳಿಯುತ್ತದೆ. ಬದಲಾಗುವ ಡಾರ್ಕ್ ಎನರ್ಜಿಗೆ ಮುಂದಿಡುವ ಸಾಮಾನ್ಯ ಕ್ವಿಂಟೆಸೆನ್ಸ್ ಕ್ಷೇತ್ರಕ್ಕೆ ಹೀಗೆ ದಾಟಲು ಬರುವುದಿಲ್ಲ. ದಾಟಿದ್ದು ವಿಶ್ವವೋ ಸೂತ್ರದ ನೇರ ಗೆರೆಯೋ, ಇನ್ನೂ ಇತ್ಯರ್ಥವಾಗಿಲ್ಲ.

ಜಗಳದ ಬುಡ ಮಾತ್ರ ಗೇಜಿನಲ್ಲೇ ಇದೆ. ಹತ್ತಿರದ ಸೂಪರ್‌ನೋವಾಗಳನ್ನು ಹಳೆಯ ಬೇರೆ ಬೇರೆ ದೂರದರ್ಶಕಗಳು ಕಂಡವು, ದೂರದವನ್ನು ಹೊಸ ಕ್ಯಾಮೆರಾ. ಪ್ಯಾಂಥಿಯನ್ ಪ್ಲಸ್, ಡಾರ್ಕ್ ಎನರ್ಜಿ ಸರ್ವೇ ಪಟ್ಟಿಗಳನ್ನು ಹೋಲಿಸಿದ ವಿಶ್ವವಿಜ್ಞಾನಿ ಜಾರ್ಜ್ ಎಫ್‌ಸ್ತಾಥಿಯು, ಹತ್ತಿರದವಕ್ಕೂ ದೂರದವಕ್ಕೂ ನಡುವೆ ಸುಮಾರು 0.04 ಮ್ಯಾಗ್ನಿಟ್ಯೂಡ್ ಸರಿದಿದೆ ಎಂದು ತೋರಿಸಿದರು. ದೂರದಲ್ಲಿ ಅದು 2% ಅಷ್ಟೆ, ಆದರೂ 4.2 ಸಿಗ್ಮಾದ ಬಹುಪಾಲನ್ನು ಕರಗಿಸಲು ಅಷ್ಟು ಸಾಕು. ಡಾರ್ಕ್ ಎನರ್ಜಿ ಸರ್ವೇ ತಂಡ ತನ್ನ ಆಯ್ಕೆಗಳಿಗೆ ಕಾರಣ ಕೊಟ್ಟು ಉತ್ತರಿಸಿದೆ. ಈ ನಡುವೆ ಜ್ವಿಕಿ ಸಮೀಕ್ಷೆ ಹತ್ತಿರದ 3,628 ಸೂಪರ್‌ನೋವಾಗಳನ್ನು ಒಂದೇ ಕ್ಯಾಮೆರಾದಲ್ಲಿ ಹಿಡಿದು ಮುಂದಿಟ್ಟಿದೆ.