ಫ್ರೆಂಚ್ ತಗೊಂಡ್ರೆ ಮಾರ್ಕ್ಸ್ ಬರುತ್ತೆ, ಆಮೇಲೆ?

ಪ್ರಶ್ನೆ: ಮಗಳು ಹೈಸ್ಕೂಲಿಗೆ ಬರುತ್ತಿದ್ದಾಳೆ. ಶಾಲೆಯಲ್ಲಿ ಫ್ರೆಂಚ್, ಜರ್ಮನ್, ಜಪಾನೀಸ್ ಇವೆ. ‘ಫ್ರೆಂಚ್ ಕೊಡಿಸಿ, ನೂರಕ್ಕೆ ನೂರು ಬರುತ್ತೆ’ ಅನ್ನುತ್ತಾರೆ. ವಿದೇಶಿ ಭಾಷೆಯಿಂದ ನಿಜಕ್ಕೂ ಪ್ರಯೋಜನ ಇದೆಯೇ?

ಉತ್ತರ: ಬರೀ ಅಂಕದ ಆಸೆಗಾದರೆ ಬೇಡ. ಮುಂದೆ ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಆ ಪರೀಕ್ಷೆಯ ಅಂಕದ ಜೊತೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಷ್ಟೇ ಲೆಕ್ಕ. ಭಾಷೆಯಲ್ಲಿ ಬಂದ ನೂರು ನೆಂಟರಿಗೆ ಹೇಳಿಕೊಳ್ಳಲು ಚೆನ್ನ.

ಕೆಲಸ ಸಿಗುತ್ತದೆಂಬ ಮಾತನ್ನೂ ಅಳೆದು ನೋಡಿ. ಯುರೋಪಿನ ಭಾಷಾ ಮಟ್ಟಗಳು ಎ1ರಿಂದ ಸಿ2ರವರೆಗೆ ಆರು. ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಕೇಳುವುದು ನಾಲ್ಕನೆಯದಾದ ಬಿ2. ವಾರಕ್ಕೆ ಮೂರ್ನಾಲ್ಕು ಪೀರಿಯಡ್‌ನ ಶಾಲಾ ಪಾಠ ಮೊದಲೆರಡು ಮಟ್ಟ ದಾಟಿಸಿದರೆ ಅದೇ ಪುಣ್ಯ. ಉಳಿದದ್ದಕ್ಕೆ, ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ ಹೋಗಬೇಕು.

ಹಾಗಾದರೆ ಶಾಲೆಯಲ್ಲಿ ಯಾಕೆ? ಅಮ್ಮನ ಮಾತಿನ ಒಳಗಿನ ಕಟ್ಟು ನಮಗೆ ಕಾಣುವುದೇ ಇಲ್ಲ, ಇನ್ನೊಂದು ಭಾಷೆ ಅದನ್ನು ತೋರಿಸುತ್ತದೆ. ಜಪಾನೀಸನ್ನೇ ನೋಡಿ. ‘ವತಾಶಿ ವಾ ಗಕ್ಕೋ ನಿ ಇಕಿಮಸ್’ ಅಂದರೆ ನಾನು ಶಾಲೆಗೆ ಹೋಗುತ್ತೇನೆ. ‘ಗಕ್ಕೋ’ ಶಾಲೆ, ‘ನಿ’ ನಮ್ಮ ‘ಗೆ’, ಕ್ರಿಯಾಪದ ಕೊನೆಗೆ. ಪ್ರಶ್ನೆ ಕೇಳಬೇಕೆಂದರೆ ಬಾಲಕ್ಕೆ ‘ಕಾ’ ಸೇರಿಸಿದರಾಯಿತು: ‘ಇಕಿಮಸ್ ಕಾ?’ ನಾವು ‘ಹೋಗುತ್ತೀರಾ?’ ಅನ್ನುವಾಗ ‘ಆ’ ಸೇರಿಸಿದ ಹಾಗೆ. ವಾಕ್ಯ ತಿರುವಿ ಹಾಕುವ ಇಂಗ್ಲಿಷ್ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಕನ್ನಡದ ಜಾಡು ಕೈಹಿಡಿಯುತ್ತದೆ. ಇದನ್ನು ತಾನೇ ಕಂಡುಕೊಂಡ ಮಗು ‘ವಿಭಕ್ತಿ ಪ್ರತ್ಯಯ’ವನ್ನು ಬಾಯಿಪಾಠ ಮಾಡಬೇಕಿಲ್ಲ. (ಕಷ್ಟ ಇರುವುದು ಲಿಪಿಯಲ್ಲಿ. ನಿತ್ಯ ಬಳಕೆಗೆಂದು ಗೊತ್ತುಪಡಿಸಿದ ಕಾಂಜಿ ಅಕ್ಷರಗಳೇ 2,136!)

ಆದರೆ ಕನ್ನಡವನ್ನು ಮೂಲೆಗೆ ತಳ್ಳಿ ಫ್ರೆಂಚ್ ತರಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದ್ದೇ ಇರಬೇಕೆನ್ನುತ್ತದೆ. ದಿನಪತ್ರಿಕೆ ಓದಲು ತಡವರಿಸುವ ಮಗುವಿಗೆ ಮೊದಲು ಆ ಓದು ಸಲೀಸಾಗಲಿ.

ಫೀಸು ಕಟ್ಟುವ ಮುನ್ನ ಶಾಲೆಯವರನ್ನು ಎರಡು ವಿಷಯ ಕೇಳಿ. ಒಂದು, ಹತ್ತನೇ ತರಗತಿವರೆಗೂ ಈ ಭಾಷೆ ಇರುತ್ತದೆಯೇ? ಕೇಂದ್ರೀಯ ವಿದ್ಯಾಲಯಗಳಲ್ಲಿ 2014ರಲ್ಲಿ ವರ್ಷದ ನಡುವೆಯೇ ತೃತೀಯ ಭಾಷೆ ಜರ್ಮನ್ ಹೋಗಿ ಸಂಸ್ಕೃತ ಬಂತು, ಮಕ್ಕಳು ಪೇಚಿಗೆ ಸಿಕ್ಕರು. ಎರಡು, ತರಗತಿಯಲ್ಲಿ ಆ ಭಾಷೆ ಮಾತಾಡಿಸುತ್ತಾರಾ? ಸಾಧ್ಯವಾದರೆ ಒಂಬತ್ತನೆಯ ತರಗತಿಯ ಯಾರನ್ನಾದರೂ, ನಿನ್ನೆ ಏನು ಮಾಡಿದೆ ಅಂತ ಫ್ರೆಂಚಿನಲ್ಲಿ ಹೇಳಲು ಹೇಳಿ. ನಾಲ್ಕು ವಾಕ್ಯ, ತಪ್ಪುತಪ್ಪಾಗಿಯಾದರೂ ಬಂದರೆ ಸೇರಿಸಿ. ಕ್ರಿಯಾಪದದ ಕೋಷ್ಟಕ ಒಪ್ಪಿಸಿದರೆ ಬೇಡ.